ರೋಗಿಯ ಮಂಚ ಮತ್ತು ಸಂವರ್ಧನ ತಟ್ಟೆ: ಸೂಕ್ಷ್ಮಜೀವಿ ಸಂಶೋಧನೆಯಲ್ಲಿ ಶುಶ್ರೂಷಕಿಯ ಸ್ಥಾನ

ಒಂದು ರೋಗದ ಚಿಕಿತ್ಸೆಗೆಂದು ಆಸ್ಪತ್ರೆಗೆ ಸೇರಿದವರು ಅಲ್ಲಿಯೇ ಮತ್ತೊಂದು ರೋಗವನ್ನು ಅಂಟಿಸಿಕೊಳ್ಳುವುದು ವೈದ್ಯವಿಜ್ಞಾನಕ್ಕೆ ಹೊಸ ಸಂಗತಿಯಲ್ಲ. ಶಸ್ತ್ರಚಿಕಿತ್ಸೆಯ ಗಾಯ ಕೀವಾಗುವುದು, ಮೂತ್ರಕ್ಕೆ ಹಾಕಿದ ನಳಿಕೆಯ ಮೂಲಕ ಸೋಂಕು ಏರುವುದು, ರಕ್ತನಾಳದಲ್ಲಿ ಇರಿಸಿದ ಸೂಜಿಯ ಸುತ್ತ ಉರಿಯೂತ ಕಾಣಿಸಿಕೊಳ್ಳುವುದು, ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದ ರೋಗಿಗೆ ನ್ಯುಮೋನಿಯ ತಗಲುವುದು ಇದರ ಮುಖ್ಯ ರೂಪಗಳು. ಈ ನಾಲ್ಕು ಸಂದರ್ಭಗಳಲ್ಲಿಯೂ ಬದಲಾವಣೆಯನ್ನು ಸಾಮಾನ್ಯವಾಗಿ ಮೊದಲು ಕಾಣುವವಳು ಶುಶ್ರೂಷಕಿ. ಪಟ್ಟಿ ಬಿಚ್ಚುವಾಗಿನ ವಾಸನೆ, ಹಿಂದಿನ ಪಾಳಿಯಲ್ಲಿ ಇಲ್ಲದಿದ್ದ ಕೆಂಪು, ಸಂಜೆಯ ಹೊತ್ತಿಗೆ ಏರುವ ಜ್ವರ ಇವೆಲ್ಲ ಅವಳ ದಿನಚರಿಯ ಅಂಗಗಳು. ಆದರೆ ಇವುಗಳಿಗೆ ಕಾರಣವಾದ ಜೀವಿಯನ್ನು ಬೆಳೆಸಿ, ಗುರುತಿಸಿ, ಹೆಸರಿಡುವವರು ಪ್ರಯೋಗಾಲಯದಲ್ಲಿರುವ ಸೂಕ್ಷ್ಮಜೀವಿವಿಜ್ಞಾನಿಗಳು. ಒಬ್ಬರಿಗೆ ರೋಗಿ ಕಾಣುತ್ತಾನೆ, ಜೀವಿ ಕಾಣುವುದಿಲ್ಲ. ಮತ್ತೊಬ್ಬರಿಗೆ ಜೀವಿ ಕಾಣುತ್ತದೆ, ರೋಗಿ ಕಾಣುವುದಿಲ್ಲ. ಇಬ್ಬರ ನಡುವೆ ಓಡಾಡುವುದು ಮುಚ್ಚಳ ಬಿಗಿದ ಒಂದು ಸೀಸೆ ಮತ್ತು ಅದಕ್ಕೆ ಅಂಟಿಸಿದ ಒಂದು ಚೀಟಿ ಮಾತ್ರ.

ಈ ಎರಡು ವೃತ್ತಿಗಳು ಒಬ್ಬರಲ್ಲಿಯೇ ಕೂಡಿದಾಗ ಏನಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಸೂಕ್ಷ್ಮಜೀವಿವಿಜ್ಞಾನದ ಚರಿತ್ರೆಯಲ್ಲಿ ಶುಶ್ರೂಷಕಿಯು ಮೂರು ಸ್ಥಾನಗಳಲ್ಲಿ ಕಾಣಿಸಿಕೊಳ್ಳುತ್ತಾಳೆ: ಸಂಶೋಧನೆಯ ವಸ್ತುವಾಗಿ, ಸಾಕ್ಷಿಯಾಗಿ ಮತ್ತು ಸ್ವತಃ ಸಂಶೋಧಕಿಯಾಗಿ. ಮೂರನೆಯ ಸ್ಥಾನಕ್ಕೆ ಅವಳು ಬಂದಾಗಲೇ, ವೈದ್ಯರಾಗಲಿ ಪ್ರಯೋಗಾಲಯದ ತಜ್ಞರಾಗಲಿ ಸುಲಭವಾಗಿ ಕೇಳದಿದ್ದ ಕೆಲವು ಪ್ರಶ್ನೆಗಳು ವಿಜ್ಞಾನದ ಪ್ರಶ್ನೆಗಳಾದವು ಎಂಬುದು ಇಲ್ಲಿನ ಪ್ರತಿಪಾದನೆ. ಇಂದು ಈ ವೃತ್ತಿಯಲ್ಲಿ ಪುರುಷರೂ ಇದ್ದಾರೆ. ಆದರೆ ಇಲ್ಲಿ ಪರಿಶೀಲಿಸಿರುವ ಚಾರಿತ್ರಿಕ ನಿದರ್ಶನಗಳು ಮಹಿಳೆಯರವೇ ಆದುದರಿಂದ ಸ್ತ್ರೀಲಿಂಗ ರೂಪವನ್ನು ಬಳಸಲಾಗಿದೆ.

ಹಿನ್ನೆಲೆ

ಆಧುನಿಕ ಶುಶ್ರೂಷಾ ವೃತ್ತಿಯೂ ಸೂಕ್ಷ್ಮಜೀವಿವಿಜ್ಞಾನವೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ರೂಪುಗೊಂಡವು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆಯನ್ನು ಆರಂಭಿಸಿದರು. ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲದ ಬಳಕೆಯಿಂದ ಗಾಯದ ಕೊಳೆತವನ್ನು ತಡೆಯುವ ತಮ್ಮ ವಿಧಾನವನ್ನು ಪ್ರಕಟಿಸಿದರು. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯವನ್ನು ಗುರುತಿಸಿದರು. ಆದರೂ ಈ ಎರಡು ಧಾರೆಗಳು ಆರಂಭದಲ್ಲಿ ಒಂದನ್ನೊಂದು ಸಂದೇಹದಿಂದಲೇ ನೋಡಿದವು. ನೈಟಿಂಗೇಲ್ ಬಹುಕಾಲ ಸೋಂಕಿನ ಸಿದ್ಧಾಂತವನ್ನು ಒಪ್ಪಿರಲಿಲ್ಲ. ಕೊಳೆ, ದುರ್ಗಂಧ ಮತ್ತು ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ಅವರು ನಂಬಿದ್ದರು. ಹಾಗಿದ್ದರೂ ಅವರು ವಿಧಿಸಿದ ಆಚರಣೆಗಳು, ಅಂದರೆ ಗಾಳಿ ಬೆಳಕು, ಶುಭ್ರವಾದ ಹಾಸಿಗೆ, ಪದೇಪದೇ ಕೈ ತೊಳೆಯುವುದು ಮತ್ತು ಸಾವುನೋವುಗಳ ಲೆಕ್ಕವಿಡುವುದು, ಸೋಂಕನ್ನು ತಗ್ಗಿಸುವಂಥವೇ ಆಗಿದ್ದವು. ಹೀಗೆ ಶುಶ್ರೂಷೆಯು ಸೂಕ್ಷ್ಮಜೀವಿಗಳ ವಿರುದ್ಧ ಕೆಲಸಮಾಡುವ ವಿದ್ಯೆಯಾಗಿಯೂ ಅವುಗಳ ಅಧ್ಯಯನದಿಂದ ಹೊರಗುಳಿಯಿತು. ಆಚರಣೆ ವಾರ್ಡಿನಲ್ಲಿ, ಕಾರಣ ಪ್ರಯೋಗಾಲಯದಲ್ಲಿ ಎಂಬ ವಿಭಜನೆಯ ಮೂಲ ಇಲ್ಲಿದೆ.

ಸಂಶೋಧನೆಯ ವಸ್ತುವಾಗಿ

ಈ ವಿಭಜನೆಯ ಮೊದಲ ಪರಿಣಾಮವೆಂದರೆ, ಶುಶ್ರೂಷಕಿ ಸೂಕ್ಷ್ಮಜೀವಿ ಸಂಶೋಧನೆಗೆ ಪ್ರವೇಶಿಸಿದಾಗ ತನ್ನ ಬುದ್ಧಿಯ ಮೂಲಕವಲ್ಲದೆ ದೇಹದ ಮೂಲಕ ಪ್ರವೇಶಿಸಿದ್ದು. ಅಮೆರಿಕದ ಕ್ಲಾರಾ ಮಾಸ್ ಇದಕ್ಕೆ ಪ್ರಸಿದ್ಧ ನಿದರ್ಶನ. ಹಳದಿ ಜ್ವರವು ಸೊಳ್ಳೆಯಿಂದ ಹರಡುತ್ತದೆ ಎಂಬುದನ್ನು ವಾಲ್ಟರ್ ರೀಡ್ ನೇತೃತ್ವದ ಆಯೋಗವು 1900ರಲ್ಲಿ ಕ್ಯೂಬಾದಲ್ಲಿ ತೋರಿಸಿಕೊಟ್ಟಿತ್ತು. ಸೋಂಕಿತ ಸೊಳ್ಳೆಯ ಕಡಿತದಿಂದ ಲಘು ರೂಪದ ರೋಗ ಬರಿಸಿ, ಆ ಮೂಲಕ ರಕ್ಷಣೆ ಒದಗಿಸಬಹುದೇ ಎಂಬ ಪ್ರಯೋಗ ಹವಾನಾದ ಲಾಸ್ ಅನಿಮಾಸ್ ಆಸ್ಪತ್ರೆಯಲ್ಲಿ 1901ರಲ್ಲಿ ನಡೆಯಿತು. ಅಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದ ಮಾಸ್ ತಾವಾಗಿ ಈ ಪ್ರಯೋಗಕ್ಕೆ ಒಪ್ಪಿಕೊಂಡರು. ಇದಕ್ಕೆ 100 ಡಾಲರ್ ಸಂಭಾವನೆಯಿತ್ತು. ಮೊದಲ ಬಾರಿ ಲಘುವಾಗಿ ಕಾಯಿಲೆ ಬಿದ್ದು ಚೇತರಿಸಿಕೊಂಡ ಅವರನ್ನು ಆಗಸ್ಟ್ 14ರಂದು ಮತ್ತೆ ಸೊಳ್ಳೆಗಳಿಂದ ಕಚ್ಚಿಸಲಾಯಿತು. ಹತ್ತು ದಿನಗಳ ಬಳಿಕ, ಆಗಸ್ಟ್ 24ರಂದು, ತಮ್ಮ 25ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಈ ಸಾವಿನ ತರುವಾಯ ಮನುಷ್ಯರ ಮೇಲಿನ ಆ ಪ್ರಯೋಗಗಳು ನಿಂತವು.

ಸುಮಾರು ಏಳು ದಶಕಗಳ ಅನಂತರ ನಡೆದ ಲಾಸಾ ಜ್ವರದ ಪ್ರಕರಣದಲ್ಲಿಯೂ ಇದೇ ವಿನ್ಯಾಸ ಮರುಕಳಿಸಿತು. ನೈಜೀರಿಯದ ಲಾಸಾ ಎಂಬ ಊರಿನ ಮಿಷನ್ ಆಸ್ಪತ್ರೆಯ ಶುಶ್ರೂಷಕಿ ಲಾರಾ ವೈನ್ 1969ರ ಜನವರಿಯಲ್ಲಿ ಅಪರಿಚಿತ ಜ್ವರದಿಂದ ತೀರಿಕೊಂಡರು. ಜೋಸ್ ನಗರದಲ್ಲಿ ಅವರ ಆರೈಕೆ ಮಾಡಿದ ಶುಶ್ರೂಷಕಿ ಷಾರ್ಲಟ್ ಷಾ ಅದೇ ಜ್ವರಕ್ಕೆ ಫೆಬ್ರವರಿಯಲ್ಲಿ ಬಲಿಯಾದರು. ಷಾ ಅವರನ್ನು ನೋಡಿಕೊಂಡ ಮೂರನೆಯ ಶುಶ್ರೂಷಕಿ ಲಿಲಿ ಪಿನ್ನಿಯೊ ಅವರನ್ನು ನ್ಯೂಯಾರ್ಕಿಗೆ ಸಾಗಿಸಲಾಯಿತು. ಅವರು ಬದುಕಿ ಉಳಿದರು. ಈ ರೋಗಿಗಳ ರಕ್ತದ ಮಾದರಿಗಳಿಂದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹೊಸ ವೈರಸ್ ಒಂದನ್ನು ಬೇರ್ಪಡಿಸಲಾಯಿತು. ಅದರ ಅಧ್ಯಯನದಲ್ಲಿದ್ದ ವಿಜ್ಞಾನಿ ಜೋರ್ಡಿ ಕಸಾಲ್ಸ್ ಅದೇ ವರ್ಷದ ಜೂನ್‌ನಲ್ಲಿ ಸೋಂಕಿತರಾದಾಗ ಅವರಿಗೆ ನೀಡಿದ ಪ್ರತಿಕಾಯಯುಕ್ತ ಪ್ಲಾಸ್ಮಾ ಪಿನ್ನಿಯೊ ಅವರದೇ ಆಗಿತ್ತು. ಕಸಾಲ್ಸ್ ಗುಣಮುಖರಾದರು. ಮುಂದೆ ಯೇಲ್‌ನ ತಂತ್ರಜ್ಞರೊಬ್ಬರು ಅದೇ ರೋಗದಿಂದ ಮೃತಪಟ್ಟ ಮೇಲೆ ಅಲ್ಲಿ ಜೀವಂತ ವೈರಸ್ಸಿನ ಕೆಲಸವನ್ನು ನಿಲ್ಲಿಸಲಾಯಿತು. ವಾರ್ಡು ಮತ್ತು ಪ್ರಯೋಗಾಲಯಗಳ ಅಪಾಯ ಒಂದೇ ಎಂಬುದನ್ನು ಈ ಸರಣಿ ಸ್ಪಷ್ಟಪಡಿಸುತ್ತದೆ. ಆದರೆ ರೋಗವು ಒಬ್ಬರಿಂದ ಒಬ್ಬರಿಗೆ ದಾಟಿದ್ದನ್ನು ಹತ್ತಿರದಿಂದ ಕಂಡವರು ಶುಶ್ರೂಷಕಿಯರಾಗಿದ್ದರೂ, ಸಂಶೋಧನೆಯಲ್ಲಿ ಅವರ ಪಾಲು ಮುಖ್ಯವಾಗಿ ರಕ್ತದ ಮಾದರಿಯ ರೂಪದಲ್ಲಿಯೇ ಉಳಿಯಿತು.

ಸಾಕ್ಷಿಯಾಗಿ

ಶುಶ್ರೂಷಕಿಯ ಕಣ್ಣಿಗೆ ಕಂಡದ್ದನ್ನು ವಿಜ್ಞಾನದ ದತ್ತಾಂಶವಾಗಿ ಪರಿಗಣಿಸಿದ ಮೊದಲ ವ್ಯವಸ್ಥಿತ ಪ್ರಯತ್ನ ನಡೆದದ್ದು ಇಂಗ್ಲೆಂಡಿನಲ್ಲಿ. ಪೆನಿಸಿಲಿನ್ ಬಳಕೆಗೆ ಬಂದ ಸುಮಾರು ಒಂದು ದಶಕದೊಳಗೆ ಅದಕ್ಕೆ ಮಣಿಯದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಗಳು ಆಸ್ಪತ್ರೆಗಳಲ್ಲಿ ಬೇರೂರಿದವು. 1950ರ ದಶಕದಲ್ಲಿ ಹೆರಿಗೆ ವಾರ್ಡು, ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ಇವುಗಳ ಹಾವಳಿ ಹಲವು ದೇಶಗಳನ್ನು ವ್ಯಾಪಿಸಿತು. ಟಾರ್ಕೀ ಪಟ್ಟಣದ ಟಾರ್‌ಬೇ ಆಸ್ಪತ್ರೆಯ ಸೋಂಕುಗಳನ್ನು ಅಧ್ಯಯನ ಮಾಡುತ್ತಿದ್ದ ಬ್ಯಾಕ್ಟೀರಿಯ ತಜ್ಞ ಬ್ರೆಂಡನ್ ಮೂರ್ ಅವರ ಪ್ರೇರಣೆಯಿಂದ 1959ರಲ್ಲಿ ಇ. ಎಂ. ಕಾಟ್ರೆಲ್ ಎಂಬ ಹಿರಿಯ ಶುಶ್ರೂಷಕಿಯನ್ನು ‘ಸೋಂಕು ನಿಯಂತ್ರಣ ಸಿಸ್ಟರ್’ ಆಗಿ ನೇಮಿಸಲಾಯಿತು. ಈ ಬಗೆಯ ಹುದ್ದೆಗಳಲ್ಲಿ ಇದೇ ಮೊದಲನೆಯದೆಂದು ಪರಿಗಣಿತವಾಗಿದೆ.

ಈ ನೇಮಕದ ಹಿಂದಿನ ತರ್ಕ ಸರಳವಾದರೂ ಮಹತ್ವದ್ದು. ಪ್ರಯೋಗಾಲಯವು ತನಗೆ ಕಳುಹಿಸಿದ ಮಾದರಿಗಳನ್ನಷ್ಟೇ ಪರೀಕ್ಷಿಸಬಲ್ಲದು. ಯಾರ ಗಾಯದಿಂದ ಮಾದರಿ ತೆಗೆಯಲಿಲ್ಲವೋ ಅವರ ಸೋಂಕು ಲೆಕ್ಕಕ್ಕೆ ಬರುವುದೇ ಇಲ್ಲ. ಮಾದರಿ ಕಳುಹಿಸುವ ಶಿಸ್ತು ಇರುವ ವಾರ್ಡಿನಲ್ಲಿ ಸೋಂಕು ಹೆಚ್ಚಾಗಿಯೂ, ಉದಾಸೀನವಿರುವ ವಾರ್ಡಿನಲ್ಲಿ ಕಡಿಮೆಯಾಗಿಯೂ ತೋರುವ ವಿಪರ್ಯಾಸ ಇದರಿಂದ ಉಂಟಾಗುತ್ತದೆ. ಇನ್ನೊಂದೆಡೆ, ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯವು ರೋಗಕಾರಕವೋ, ಚರ್ಮದ ಮೇಲೆ ಸುಮ್ಮನೆ ನೆಲೆಸಿದ್ದೋ ಎಂಬುದನ್ನು ರೋಗಿಯ ಸ್ಥಿತಿಯನ್ನು ಕಾಣದೆ ನಿರ್ಣಯಿಸುವುದು ಕಷ್ಟ. ವಾರ್ಡುಗಳನ್ನು ದಿನವೂ ಸುತ್ತಿ, ಸೋಂಕುಗಳನ್ನು ಪತ್ತೆಹಚ್ಚಿ, ಪ್ರಯೋಗಾಲಯದ ವರದಿಯೊಡನೆ ತಾಳೆ ನೋಡುವ ಒಬ್ಬರಿದ್ದರೆ ಮಾತ್ರ ಈ ಎರಡೂ ದೋಷಗಳು ನೀಗುತ್ತವೆ. ಈ ಕೆಲಸಕ್ಕೆ ಶುಶ್ರೂಷೆಯ ಅನುಭವವೂ ಸೂಕ್ಷ್ಮಜೀವಿವಿಜ್ಞಾನದ ಪರಿಜ್ಞಾನವೂ ಏಕಕಾಲದಲ್ಲಿ ಬೇಕು.

ಟಾರ್‌ಬೇ ಮಾದರಿ ಬೇಗನೆ ಹರಡಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1963ರಲ್ಲಿ ಇಂಥದೇ ಹುದ್ದೆ ಏರ್ಪಟ್ಟಿತು. ಬ್ರಿಟನ್ನಿನಲ್ಲಿ 1970ರಲ್ಲಿಯೂ ಅಮೆರಿಕದಲ್ಲಿ 1972ರಲ್ಲಿಯೂ ಈ ವೃತ್ತಿನಿರತರ ಸಂಘಗಳು ಸ್ಥಾಪನೆಯಾದವು. ಈ ಹುದ್ದೆಗಳಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬುದನ್ನು ಪರೀಕ್ಷಿಸಲು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1970ರ ದಶಕದಲ್ಲಿ 338 ಆಸ್ಪತ್ರೆಗಳನ್ನು ಒಳಗೊಂಡ ಬೃಹತ್ ಅಧ್ಯಯನವೊಂದನ್ನು ನಡೆಸಿತು. ಸಂಘಟಿತವಾದ ನಿಗಾವಣೆ ಮತ್ತು ನಿಯಂತ್ರಣ, ತರಬೇತಿ ಪಡೆದ ವೈದ್ಯ, ಪ್ರತಿ 250 ಹಾಸಿಗೆಗಳಿಗೆ ಒಬ್ಬ ಸೋಂಕು ನಿಯಂತ್ರಣ ಶುಶ್ರೂಷಕಿ, ಸೋಂಕಿನ ಪ್ರಮಾಣವನ್ನು ಶಸ್ತ್ರವೈದ್ಯರಿಗೆ ತಿಳಿಸುವ ವ್ಯವಸ್ಥೆ ಇವೆಲ್ಲವೂ ಇದ್ದ ಆಸ್ಪತ್ರೆಗಳಲ್ಲಿ ಸೋಂಕು ಶೇಕಡ 32ರಷ್ಟು ಕಡಿಮೆಯಾದುದನ್ನು 1985ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2016ರ ಮಾರ್ಗಸೂಚಿಯಲ್ಲಿ 250 ಹಾಸಿಗೆಗಳಿಗೆ ಒಬ್ಬರೆಂಬುದನ್ನು ಕನಿಷ್ಠ ಪ್ರಮಾಣವೆಂದು ಉಳಿಸಿಕೊಂಡು, 100 ಹಾಸಿಗೆಗಳಿಗೆ ಒಬ್ಬರಿರುವುದು ಲೇಸೆಂಬ ಅಭಿಪ್ರಾಯವನ್ನೂ ದಾಖಲಿಸಿದೆ.

ಹೀಗಿದ್ದರೂ ಸಾಕ್ಷಿಯ ಸ್ಥಾನಕ್ಕೆ ಒಂದು ಮಿತಿಯಿದೆ. ಏನನ್ನು ನೋಡಬೇಕು, ಏನನ್ನು ಬರೆದುಕೊಳ್ಳಬೇಕು ಎಂಬುದನ್ನು ಅನ್ಯರು ನಿಗದಿಪಡಿಸುತ್ತಾರೆ. ಸಾಕ್ಷಿಯು ಉತ್ತರ ಹೇಳುತ್ತಾಳೆಯೇ ಹೊರತು ಪ್ರಶ್ನೆಯನ್ನು ಹೂಡುವುದಿಲ್ಲ.

ಸಂಶೋಧಕಿಯಾಗಿ

ಪ್ರಶ್ನೆಯನ್ನೇ ಶುಶ್ರೂಷಕಿ ಹೂಡಿದರೆ ಏನಾಗುತ್ತದೆ ಎಂಬುದಕ್ಕೆ ಕೈತೊಳೆಯುವಿಕೆಯ ಸಂಶೋಧನೆ ಉತ್ತಮ ನಿದರ್ಶನ. ಹೆರಿಗೆ ವಾರ್ಡಿನ ಸಾವುಗಳನ್ನು ಕೈತೊಳೆಯುವುದರಿಂದ ತಡೆಯಬಹುದೆಂದು ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿಯೇ ವಿಯೆನ್ನಾದಲ್ಲಿ ತೋರಿಸಿದ್ದರು. ಚರ್ಮದ ಮೇಲಿನ ಬ್ಯಾಕ್ಟೀರಿಯಗಳಲ್ಲಿ ಸ್ಥಿರವಾಗಿ ನೆಲೆಸಿದವು ಮತ್ತು ತಾತ್ಕಾಲಿಕವಾಗಿ ಅಂಟಿದವು ಎಂಬ ಎರಡು ಬಗೆಗಳಿವೆಯೆಂದು ಶಸ್ತ್ರವೈದ್ಯ ಫಿಲಿಪ್ ಪ್ರೈಸ್ 1938ರಲ್ಲಿ ವಿವರಿಸಿದರು. ಆ ಬಳಿಕ ಸಂಶೋಧನೆಯ ಬಹುಪಾಲು, ಯಾವ ದ್ರಾವಣ ಎಷ್ಟು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ ಎಂಬುದರ ಸುತ್ತ ನಡೆಯಿತು. ಕೈಯನ್ನು ಒಂದು ಪಾತ್ರೆಯ ಮೇಲ್ಮೈಯಂತೆ ಭಾವಿಸಿದ ಈ ಅಧ್ಯಯನಗಳಲ್ಲಿ ಆ ಕೈ ಯಾರದು, ಅದು ಒಂದು ಪಾಳಿಯಲ್ಲಿ ಎಷ್ಟು ಬಾರಿ ನೀರಿಗೆ ಒಡ್ಡಿಕೊಳ್ಳುತ್ತದೆ, ವರ್ಷಗಳ ಅನಂತರ ಅದರ ಚರ್ಮ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಸಿಕ್ಕ ಗಮನ ಅಲ್ಪ.

ಶುಶ್ರೂಷಕಿಯಾಗಿ ತರಬೇತಿ ಪಡೆದು, ಅನಂತರ ಸಾಂಕ್ರಾಮಿಕ ರೋಗವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಅಮೆರಿಕದ ಎಲೇನ್ ಲಾರ್ಸನ್ ಈ ಪ್ರಶ್ನೆಗಳನ್ನು ಕೈಗೆತ್ತಿಕೊಂಡವರಲ್ಲಿ ಪ್ರಮುಖರು. ಮುಂದೆ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿಯೂ ಸೋಂಕು ನಿಯಂತ್ರಣದ ಪ್ರಮುಖ ನಿಯತಕಾಲಿಕವೊಂದರ ಸಂಪಾದಕರಾಗಿಯೂ ಅವರು ಕೆಲಸಮಾಡಿದರು. ಆಸ್ಪತ್ರೆಯ ಸಿಬ್ಬಂದಿಯ ಕೈಗಳಲ್ಲಿ ಗ್ರಾಂ-ಋಣ ಬ್ಯಾಕ್ಟೀರಿಯಗಳು ದೀರ್ಘಕಾಲ ಉಳಿಯುವುದನ್ನು ಕುರಿತ ಅವರ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಇಂಥ ಅಧ್ಯಯನದಲ್ಲಿ ಬಳಸುವ ವಿಧಾನಗಳಲ್ಲೊಂದು ಹೀಗಿದೆ: ಸಿಬ್ಬಂದಿಯ ಕೈಯನ್ನು ಕ್ರಿಮಿಶುದ್ಧ ಚೀಲ ಅಥವಾ ಕೈಗವಸಿನಲ್ಲಿರುವ ದ್ರಾವಣದಲ್ಲಿ ಇರಿಸಿ ಹೊರಗಿನಿಂದ ಸುಮಾರು ಒಂದು ನಿಮಿಷ ತಿಕ್ಕಲಾಗುತ್ತದೆ. ಸೋಪಿನ ಶೇಷವು ಬ್ಯಾಕ್ಟೀರಿಯಗಳನ್ನು ಕೊಲ್ಲುವುದನ್ನು ಮುಂದುವರಿಸದಂತೆ ಅದನ್ನು ನಿಷ್ಕ್ರಿಯಗೊಳಿಸುವ ರಾಸಾಯನಿಕವೂ ಆ ದ್ರಾವಣದಲ್ಲಿ ಇರುತ್ತದೆ. ಆಮೇಲೆ ದ್ರಾವಣವನ್ನು ಹಂತಹಂತವಾಗಿ ತೆಳುಗೊಳಿಸಿ, ಅಗರ್ ತಟ್ಟೆಗಳ ಮೇಲೆ ಹರಡಿ, ಒಂದೆರಡು ದಿನ ಕಾವಿನಲ್ಲಿಟ್ಟು, ಬೆಳೆದ ಸಮೂಹಗಳನ್ನು ಎಣಿಸಲಾಗುತ್ತದೆ.

1990ರ ದಶಕದ ಕೊನೆಯಲ್ಲಿ ಲಾರ್ಸನ್ ಮತ್ತು ಅವರ ಸಂಗಡಿಗರು ಚರ್ಮ ಒಡೆದ ಕೈಗಳನ್ನೂ ಆರೋಗ್ಯವಾದ ಕೈಗಳನ್ನೂ ಹೋಲಿಸಿದರು. ಬ್ಯಾಕ್ಟೀರಿಯಗಳ ಒಟ್ಟು ಎಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಒಡೆದ ಕೈಗಳಲ್ಲಿ ಪ್ರಭೇದಗಳು ಹೆಚ್ಚಿದ್ದವು ಮತ್ತು ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂತಹ ರೋಗಕಾರಕಗಳು ನೆಲೆಸುವ ಸಂಭವವೂ ಹೆಚ್ಚಿತ್ತು. ಇದರ ಕಾರಣ ಚರ್ಮದ ರಚನೆಯಲ್ಲಿದೆ. ಪದೇಪದೇ ಸೋಪು ಬಳಸಿದಾಗ ಹೊರಪದರದ ಕೊಬ್ಬಿನಂಶ ಕರಗಿಹೋಗಿ, ತೇವ ಹಿಡಿದಿಡುವ ಶಕ್ತಿ ಕುಂದಿ, ಸೂಕ್ಷ್ಮವಾದ ಬಿರುಕುಗಳು ಮೂಡುತ್ತವೆ. ಅಂದರೆ ರೋಗಿಯ ರಕ್ಷಣೆಗೆಂದು ವಿಧಿಸಿದ ಆಚರಣೆಯೇ ಒಂದು ಮಿತಿಯನ್ನು ಮೀರಿದಾಗ ರೋಗಿಗೆ ಅಪಾಯ ತರಬಹುದು. ಕೈ ಉರಿಯುವ ಶುಶ್ರೂಷಕಿ ತೊಳೆಯಲು ಹಿಂಜರಿಯುವುದನ್ನು ಅಲ್ಲಿಯವರೆಗೆ ಬರಿಯ ಅಶಿಸ್ತೆಂದು ಎಣಿಸಲಾಗುತ್ತಿತ್ತು. ಅದಕ್ಕೆ ಚರ್ಮವಿಜ್ಞಾನದ ಮತ್ತು ಸೂಕ್ಷ್ಮಜೀವಿವಿಜ್ಞಾನದ ಆಧಾರವಿದೆಯೆಂಬುದು ಇದರಿಂದ ಸ್ಪಷ್ಟವಾಯಿತು. ಚರ್ಮವನ್ನು ಕಾಪಾಡುವ ಅಂಶಗಳನ್ನು ಬೆರೆಸಿದ ಮದ್ಯಸಾರದ ದ್ರಾವಣಗಳ ಬಳಕೆಗೆ ಇಂಥ ಅಧ್ಯಯನಗಳು ಪುಷ್ಟಿ ನೀಡಿದವು. ವಿಶ್ವ ಆರೋಗ್ಯ ಸಂಸ್ಥೆಯು 2009ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದ ಸೂತ್ರದಲ್ಲಿ ಶೇಕಡ 80ರಷ್ಟು ಎಥನಾಲ್ ಜೊತೆಗೆ ಶೇಕಡ 1.45ರಷ್ಟು ಗ್ಲಿಸರಾಲ್ ಇರುವುದು ಚರ್ಮದ ರಕ್ಷಣೆಗಾಗಿಯೇ.

ಲಾರ್ಸನ್ ಅವರ ಮತ್ತೊಂದು ಸಂಶೋಧನೆ ಆಸ್ಪತ್ರೆಯಿಂದ ಮನೆಗೆ ವಿಸ್ತರಿಸಿತು. ನ್ಯೂಯಾರ್ಕಿನ 238 ಕುಟುಂಬಗಳಲ್ಲಿ ಕೆಲವಕ್ಕೆ ಬ್ಯಾಕ್ಟೀರಿಯ ನಾಶಕ ಸೋಪು ಮತ್ತು ಶುಚಿಕಾರಕಗಳನ್ನೂ ಉಳಿದವಕ್ಕೆ ಸಾಮಾನ್ಯ ಉತ್ಪನ್ನಗಳನ್ನೂ, ಯಾವುದು ಯಾವುದೆಂದು ತಿಳಿಯದಂತೆ ಕೊಟ್ಟು, 48 ವಾರ ಗಮನಿಸಲಾಯಿತು. ಸಾಂಕ್ರಾಮಿಕ ರೋಗಲಕ್ಷಣಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ಅಂತರ ಕಾಣಲಿಲ್ಲವೆಂದು 2004ರಲ್ಲಿ ವರದಿಯಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳನ್ನು ಮನೆಬಳಕೆಯ ಇಂತಹ ಸೋಪುಗಳಿಂದ ಕೈಬಿಡಬೇಕೆಂದು ಆದೇಶಿಸಿತು. ಸಾಮಾನ್ಯ ಸೋಪಿಗಿಂತ ಅವು ಹೆಚ್ಚು ಪ್ರಯೋಜನಕಾರಿ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲದಿರುವುದು ಅದಕ್ಕೆ ಒಂದು ಕಾರಣವಾಗಿತ್ತು.

ಎರಡು ಹೊಣೆಗಳ ನಡುವೆ

ಈ ನಿದರ್ಶನಗಳಿಂದ ಎರಡು ವೃತ್ತಿಗಳನ್ನು ಕೂಡಿಸುವುದು ಸುಲಭವೆಂದು ಭಾವಿಸಲಾಗದು. ಮೊದಲ ತೊಡಕು ಕಾಲದ್ದು. ಶುಶ್ರೂಷೆಯ ಕೆಲಸ ಪಾಳಿಗಳಲ್ಲಿ ಹಂಚಿಹೋಗಿದೆ; ಸಂವರ್ಧನೆಯು ತನ್ನದೇ ಗಡಿಯಾರವನ್ನು ಅನುಸರಿಸುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಗಳು ಬೆಳೆಯಲು 24ರಿಂದ 48 ಗಂಟೆ ಬೇಕು. ಕ್ಷಯದ ಬ್ಯಾಕ್ಟೀರಿಯಕ್ಕೆ ಘನ ಮಾಧ್ಯಮದಲ್ಲಿ ಹಲವು ವಾರಗಳೇ ಬೇಕು. ರಾತ್ರಿ ಪಾಳಿ ಮುಗಿಸಿದವಳು ಬೆಳಗ್ಗೆ ತಟ್ಟೆಗಳನ್ನು ಎಣಿಸಬೇಕೆಂದರೆ ಒಂದೋ ವಿಶ್ರಾಂತಿ ಕಡಿತಗೊಳ್ಳುತ್ತದೆ, ಇಲ್ಲವೇ ಸಂಶೋಧನೆ ಶಿಥಿಲವಾಗುತ್ತದೆ. ಸಂಶೋಧನೆಯ ಗಂಟೆಗಳನ್ನು ಕರ್ತವ್ಯದ ಭಾಗವೆಂದು ಲೆಕ್ಕಹಾಕದೆ ಈ ಸಮಸ್ಯೆಗೆ ಪರಿಹಾರವಿಲ್ಲ.

ಎರಡನೆಯ ತೊಡಕು ನೈತಿಕವಾದುದು. ತನ್ನ ಆರೈಕೆಯಲ್ಲಿರುವ ರೋಗಿಯಿಂದಲೇ ಸಂಶೋಧನೆಗೆ ಸಮ್ಮತಿ ಕೇಳಿದಾಗ ಆತ ನಿರಾಕರಿಸಲು ಅಂಜಬಹುದು. ಔಷಧ ಕೊಡುವ ಕೈಯೇ ಸಹಿ ಕೇಳುವ ಕೈಯೂ ಆಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಸ್ವಯಂಪ್ರೇರಿತ ಸಮ್ಮತಿಗೆ ನೀಡಿರುವ ಒತ್ತು ಇಲ್ಲಿ ವಿಶೇಷವಾಗಿ ಅನ್ವಯಿಸುತ್ತದೆ. ಆರೈಕೆಯಲ್ಲಿ ಭಾಗಿಯಲ್ಲದ ಬೇರೊಬ್ಬರು ಸಮ್ಮತಿ ಪಡೆಯುವುದು ಇದಕ್ಕೆ ಉಚಿತವಾದ ಮಾರ್ಗ. ಇದೇ ಎಚ್ಚರ ಸಹೋದ್ಯೋಗಿಗಳ ಕೈಗಳಿಂದ ಮಾದರಿ ತೆಗೆಯುವಾಗಲೂ ಅಗತ್ಯ. ಫಲಿತಾಂಶವು ಶಿಸ್ತುಕ್ರಮದ ಆಧಾರವಾಗುವುದೆಂಬ ಭಯವಿದ್ದಲ್ಲಿ ಸತ್ಯವಾದ ದತ್ತಾಂಶ ದೊರೆಯದು.

ಮೂರನೆಯದು ಸುರಕ್ಷತೆ. ಪ್ರಯೋಗಾಲಯದ ಜೀವಿಯನ್ನು ವಾರ್ಡಿಗೂ ವಾರ್ಡಿನ ಜೀವಿಯನ್ನು ಪ್ರಯೋಗಾಲಯಕ್ಕೂ ಅರಿವಿಲ್ಲದೆ ಒಯ್ಯುವ ಸಾಧ್ಯತೆ ಎರಡೂ ಕಡೆ ದುಡಿಯುವವರಿಗೆ ಹೆಚ್ಚು. ಪ್ರತ್ಯೇಕ ಉಡುಪು, ಎರಡು ಕೆಲಸಗಳ ನಡುವೆ ನಿಗದಿತ ಅಂತರ, ಅಪಾಯಕಾರಿ ಜೀವಿಗಳಿಗೆ ಉನ್ನತ ಜೈವಿಕ ಸುರಕ್ಷತೆಯ ಕೋಣೆ ಇವು ಅನಿವಾರ್ಯ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸನ್ನು ಅಧ್ಯಯನ ಮಾಡಿದ ಪ್ರಯೋಗಾಲಯಗಳಲ್ಲಿ ಸಿಬ್ಬಂದಿಯೂ ಸೋಂಕಿತರಾದುದನ್ನು ಇಲ್ಲಿ ಸ್ಮರಿಸಬಹುದು.

ಭಾರತ ಮತ್ತು ಕರ್ನಾಟಕದ ಸಂದರ್ಭ

ಮೇಲಿನ ಮೂರು ತೊಡಕುಗಳು ಎಲ್ಲ ದೇಶಗಳಿಗೂ ಸಮಾನ. ಭಾರತದಲ್ಲಿ ಇವುಗಳೊಡನೆ ಶಿಕ್ಷಣಕ್ರಮಕ್ಕೆ ಸಂಬಂಧಿಸಿದ ನಾಲ್ಕನೆಯ ತೊಡಕೂ ಸೇರುತ್ತದೆ. ಇಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. ಭಾರತೀಯ ಶುಶ್ರೂಷಾ ಪರಿಷತ್ತು 1947ರ ಕಾಯಿದೆಯನ್ವಯ ರೂಪುಗೊಂಡಿತು. ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಪದವಿ ಪಠ್ಯಕ್ರಮದ ಮೂರನೆಯ ಸೆಮಿಸ್ಟರಿನಲ್ಲಿ ಅನ್ವಯಿಕ ಸೂಕ್ಷ್ಮಜೀವಿವಿಜ್ಞಾನ ಮತ್ತು ಸೋಂಕು ನಿಯಂತ್ರಣಗಳನ್ನು ಒಂದೇ ವಿಷಯವಾಗಿ ಜೋಡಿಸಿರುವುದು ಸ್ವಾಗತಾರ್ಹ. ಆದರೆ ಸ್ನಾತಕೋತ್ತರ ಹಂತದಲ್ಲಿ ಈ ಜೋಡಣೆ ಮುಂದುವರಿಯುವುದಿಲ್ಲ. ವೈದ್ಯಕೀಯ-ಶಸ್ತ್ರಚಿಕಿತ್ಸಾ, ಮಕ್ಕಳ, ಮಾನಸಿಕ, ಸಮುದಾಯ ಹಾಗೂ ಪ್ರಸೂತಿ ಶುಶ್ರೂಷೆ ಎಂಬ ಐದು ಪರಂಪರಾಗತ ವಿಭಾಗಗಳಲ್ಲಿ ಸೋಂಕು ನಿಯಂತ್ರಣಕ್ಕಾಗಲಿ ಸೂಕ್ಷ್ಮಜೀವಿವಿಜ್ಞಾನಕ್ಕಾಗಲಿ ಪ್ರತ್ಯೇಕ ಸ್ಥಾನವಿಲ್ಲ. ಇವುಗಳಲ್ಲಿ ಆಸಕ್ತಿಯುಳ್ಳವರು ಬೇರೊಂದು ವಿಭಾಗದ ಆಶ್ರಯದಲ್ಲಿ ಅಧ್ಯಯನ ನಡೆಸಬೇಕಾಗುತ್ತದೆ, ಇಲ್ಲವೇ ಶುಶ್ರೂಷೆಯನ್ನು ತೊರೆದು ವಿಜ್ಞಾನ ವಿಭಾಗಕ್ಕೆ ಹೋಗಬೇಕಾಗುತ್ತದೆ.

ಸಂಶೋಧನೆಯ ಹಂತದಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಪಾತ್ರವಿದೆ. 1996ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಶುಶ್ರೂಷಾ ಪರಿಷತ್ತು ಈ ಶತಮಾನದ ಮೊದಲ ದಶಕದ ಮಧ್ಯಭಾಗದಲ್ಲಿ ಶುಶ್ರೂಷೆಯ ಡಾಕ್ಟರೇಟ್ ಅಧ್ಯಯನಕ್ಕಾಗಿ ರಾಷ್ಟ್ರೀಯ ಒಕ್ಕೂಟವೊಂದನ್ನು ಆರಂಭಿಸಿತು. ಶುಶ್ರೂಷಕಿಯರು ತಮ್ಮ ವೃತ್ತಿಯೊಳಗೇ ಉನ್ನತ ಸಂಶೋಧನೆ ಕೈಗೊಳ್ಳಲು ಇದರಿಂದ ದಾರಿಯಾಯಿತು. ಈ ದಾರಿಯಲ್ಲಿ ಸೂಕ್ಷ್ಮಜೀವಿ ಪ್ರಯೋಗಾಲಯದ ತಜ್ಞರನ್ನು ಸಹಮಾರ್ಗದರ್ಶಕರನ್ನಾಗಿ ಪಡೆಯುವ ಪರಿಪಾಠ ಬೆಳೆದರೆ ಎರಡು ಶಾಸ್ತ್ರಗಳ ನಡುವಿನ ಅಂತರ ಗಣನೀಯವಾಗಿ ಕುಗ್ಗಬಲ್ಲದು.

ಅಗತ್ಯವಂತೂ ತುರ್ತಿನದು. ಪ್ರತಿಜೈವಿಕಗಳಿಗೆ ಮಣಿಯದ ಜೀವಿಗಳನ್ನು ಎದುರಿಸಲು ಭಾರತವು 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆಯನ್ನೂ 2020ರ ಆರಂಭದಲ್ಲಿ ಆಸ್ಪತ್ರೆಗಳ ಸೋಂಕು ತಡೆಗೆ ರಾಷ್ಟ್ರೀಯ ಮಾರ್ಗಸೂಚಿಯನ್ನೂ ಪ್ರಕಟಿಸಿತು. ಅದರ ಬೆನ್ನಲ್ಲೇ ಕೋವಿಡ್ ಹಾವಳಿ ಎದುರಾಯಿತು. ಮಾನ್ಯತೆ ಬಯಸುವ ಆಸ್ಪತ್ರೆಗಳು ಇಂದು ಸೋಂಕು ನಿಯಂತ್ರಣ ಶುಶ್ರೂಷಕಿಯನ್ನು ನೇಮಿಸಬೇಕಾಗಿದೆ. ಆದರೆ ಈ ಹುದ್ದೆಯನ್ನು ನಮೂನೆಗಳನ್ನು ತುಂಬುವ ಕೆಲಸವಾಗಿ ಮಾತ್ರ ಕಂಡರೆ, 1959ರ ಟಾರ್‌ಬೇಯ ಸಾಕ್ಷಿಯ ಸ್ಥಾನದಲ್ಲಿಯೇ ಅವಳನ್ನು ನಿಲ್ಲಿಸಿದಂತಾಗುತ್ತದೆ. ನಮ್ಮ ವಾರ್ಡುಗಳಿಗೇ ವಿಶಿಷ್ಟವಾದ ಪ್ರಶ್ನೆಗಳು ಅನೇಕ ಇವೆ. ರೋಗಿಯ ಬಳಿಯಲ್ಲಿಯೇ ಉಳಿದು ಆರೈಕೆ ಮಾಡುವ ಬಂಧುಗಳ ಕೈಗಳಲ್ಲಿ ಯಾವ ಜೀವಿಗಳಿವೆ? ನೀರಿನ ಕೊರತೆಯ ತಿಂಗಳುಗಳಲ್ಲಿ ಆಸ್ಪತ್ರೆಯ ಸೋಂಕಿನ ಸ್ವರೂಪ ಬದಲಾಗುತ್ತದೆಯೇ? ಮನೆಯಿಂದ ತಂದ ಹೊದಿಕೆ, ಊಟದ ಡಬ್ಬಿಗಳ ಪಾತ್ರವೇನು? ಇವು ಪ್ರಯೋಗಾಲಯದೊಳಗೆ ಕುಳಿತವರಿಗೆ ಹೊಳೆಯುವ ಪ್ರಶ್ನೆಗಳಲ್ಲ; ಪ್ರಯೋಗಾಲಯವಿಲ್ಲದೆ ಉತ್ತರ ದೊರೆಯುವ ಪ್ರಶ್ನೆಗಳೂ ಅಲ್ಲ.

ಸಮಾರೋಪ

ಒಟ್ಟಿನಲ್ಲಿ, ಕ್ಲಾರಾ ಮಾಸ್ ಅವರಿಂದ ಎಲೇನ್ ಲಾರ್ಸನ್ ಅವರವರೆಗಿನ ಒಂದು ಶತಮಾನದ ಅವಧಿಯಲ್ಲಿ ಸೂಕ್ಷ್ಮಜೀವಿ ಸಂಶೋಧನೆಯೊಡನೆ ಶುಶ್ರೂಷಕಿಯ ಸಂಬಂಧ ಮೂಲಭೂತವಾಗಿ ಬದಲಾಗಿದೆ. ಈ ಬದಲಾವಣೆ ತಾನಾಗಿ ಆದುದಲ್ಲ. ಹುದ್ದೆ, ಶಿಕ್ಷಣ, ಸಮಯ ಮತ್ತು ಮನ್ನಣೆ ದೊರೆತಲ್ಲಿ ಮಾತ್ರ ಆದುದು. ಸ್ನಾತಕೋತ್ತರ ಹಂತದಲ್ಲಿ ಸೋಂಕು ನಿಯಂತ್ರಣಕ್ಕೆ ಪ್ರತ್ಯೇಕ ವಿಭಾಗ, ಕರ್ತವ್ಯದ ಅವಧಿಯಲ್ಲಿ ಸಂಶೋಧನೆಗೆ ನಿಗದಿತ ಪಾಲು, ಪ್ರಯೋಗಾಲಯದ ಬಳಕೆಗೆ ಅವಕಾಶ ಮತ್ತು ಪ್ರಬಂಧಗಳಲ್ಲಿ ಸಹಕರ್ತೃತ್ವ ಈ ನಾಲ್ಕನ್ನು ಆಸ್ಪತ್ರೆಗಳೂ ವಿಶ್ವವಿದ್ಯಾಲಯಗಳೂ ಒದಗಿಸಿದರೆ, ಮಂಚದ ಬಳಿ ಮೊದಲು ಕಂಡವರೇ ಕಾರಣವನ್ನು ಅರಸಲು ಸಾಧ್ಯವಾಗುತ್ತದೆ. ಅದರ ಲಾಭ ಎರಡು ಶಾಸ್ತ್ರಗಳಿಗೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಗುಣವಾಗಲೆಂದು ಆಸ್ಪತ್ರೆಗೆ ಬಂದ ರೋಗಿಗೆ ಉಂಟು.